ಬಾವಿಯ ನೀರೂ ಶೌಚಗುಂಡಿಯೂ

ಪ್ರಶ್ನೆ: ನಮ್ಮ ಮನೆಯ ಶೌಚಗುಂಡಿ ಬಾವಿಯಿಂದ ಆರು ಮೀಟರ್ ದೂರದಲ್ಲಿದೆ. ಮಳೆಗಾಲದಲ್ಲಿ ಬಾವಿನೀರು ವಾಸನೆ ಬರುತ್ತದೆ. ಸೆಪ್ಟಿಕ್ ಟ್ಯಾಂಕ್ ಕಟ್ಟಿಸಿದರೆ ಸರಿಹೋಗುವುದೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಅಷ್ಟರಿಂದಲೇ ಸರಿಹೋಗದು, ಟ್ಯಾಂಕ್ ಮಾಡುವುದು ಅರ್ಧ ಕೆಲಸ. ಮಲ ತಳದಲ್ಲಿ ಕೂತು, ಜಿಡ್ಡು ಮೇಲೆ ಕೆನೆಗಟ್ಟಿದ ಬಳಿಕ, ಗಾಳಿಯಿಲ್ಲದೆಯೂ ಬದುಕುವ ಬ್ಯಾಕ್ಟೀರಿಯಾಗಳು ಆ ಕೆಸರನ್ನು ನಿಧಾನವಾಗಿ ಕರಗಿಸುತ್ತವೆಯಾದರೂ, ನಡುವಿನಿಂದ ಹೊರಬೀಳುವ ನೀರಿನಲ್ಲಿ ರೋಗಾಣುಗಳು ಉಳಿದೇ ಇರುತ್ತವೆ. ಅವನ್ನು ತಡೆಯಬೇಕಾದುದು, ಆ ನೀರನ್ನು ನೆಲಕ್ಕೆ ಇಳಿಸುವ ಇಂಗುಗುಂಡಿಯ ಸುತ್ತಲಿನ ಮಣ್ಣು. ತೊಡಕಿರುವುದು ಇಲ್ಲಿಯೇ. ನಮ್ಮ ಕಾಸರಗೋಡಿನ ನೆಲದಡಿಯ ಮುರಕಲ್ಲಿನ (ಜಂಬಿಟ್ಟಿಗೆಯ) ತುಂಡೊಂದನ್ನು ಕೈಯಲ್ಲಿ ಹಿಡಿದು ನೋಡಿ, ಜೇನುಗೂಡಿನಂತೆ ತೂತುಗಳು ಕಾಣುತ್ತವೆ. ಜುಲೈಯಲ್ಲಿ ಅಂತರ್ಜಲ ಮೇಲೇರಿದಾಗ ಕೊಳೆನೀರು ಸೋಸಿಕೊಳ್ಳದೆ ಅವುಗಳ ಮೂಲಕವೇ ಬಾವಿಗೆ ಸೇರಬಹುದು. ಕೇರಳದ ಕಟ್ಟಡ ನಿಯಮ ಕುಡಿಯುವ ನೀರಿನ ಬಾವಿಗೂ ಇಂಗುಗುಂಡಿಗೂ 7.5 ಮೀಟರ್ ಅಂತರ ಕೇಳುತ್ತದೆ, ಈ ನೆಲದಲ್ಲಿ ಅದೂ ಸಾಲದೆಂದೇ ನನ್ನ ಅಭಿಪ್ರಾಯ. ಜಾಗವಿದ್ದರೆ ಅದರ ಇಮ್ಮಡಿ ದೂರದಲ್ಲಿ, ಬಾವಿಗಿಂತ ತಗ್ಗಿನಲ್ಲಿ ಹೊಸ ಇಂಗುಗುಂಡಿ ತೋಡಿಸಿ. ಬಚ್ಚಲಿನ ನೀರನ್ನು ಟ್ಯಾಂಕಿಗೆ ಬಿಡದೆ ತೆಂಗಿನ ಬುಡಕ್ಕೆ ತಿರುಗಿಸಿದರೆ ಟ್ಯಾಂಕಿನ ಹೊರೆಯೂ ಇಳಿಯುತ್ತದೆ. ಬಾವಿನೀರನ್ನು ಪರೀಕ್ಷೆಗೆ ಕೊಡಿ. ಫಲಿತಾಂಶ ಬರುವವರೆಗೆ ಕುದಿಸಿಯೇ ಕುಡಿಯಿರಿ, ಆದರೆ ಕುದಿಸಿದರೆ ರೋಗಾಣುಗಳು ಸಾಯುತ್ತವೆಯೇ ಹೊರತು, ಕೊಳೆನೀರಿನಿಂದ ಬಾವಿಗೆ ಸೇರುವ ನೈಟ್ರೇಟ್ ಎಂಬ ಲವಣ ಹೋಗುವುದಿಲ್ಲ.