ಸುಟ್ಟ ದೇಹ ಏಳುವುದು ಹೇಗೆ? ಸೋಮವಾರ ಬೆಳಗ್ಗೆ ಪುನರುತ್ಥಾನಕ್ಕೆ ಏನು ಕೆಲಸ?

ಪ್ರಶ್ನೆ: ನಾವು ಬೆಂಗಳೂರಿನ ಕಥೋಲಿಕರು. ಪ್ರತಿ ಭಾನುವಾರ ಕನ್ನಡ ಪೂಜೆಯಲ್ಲಿ ಶರೀರದ ಪುನರುತ್ಥಾನವನ್ನು ನಂಬುತ್ತೇನೆ ಅಂತ ಹೇಳ್ತೀನಿ. ಎರಡು ತಿಂಗಳ ಹಿಂದೆ ಅಪ್ಪ ತೀರಿಕೊಂಡರು. ಅವರ ಇಷ್ಟದಂತೆ ವಿದ್ಯುತ್ ಚಿತಾಗಾರದಲ್ಲಿ ದಹನ ಮಾಡಿದೆವು. ಸುಟ್ಟ ದೇಹ ಎದ್ದು ಬರೋದು ಹೇಗೆ ಅಂತ ದೊಡ್ಡಮ್ಮ ಅಳ್ತಾರೆ. ಅಸ್ಥಿ ಇನ್ನೂ ಮನೆಯಲ್ಲೇ ಇದೆ. ಪುನರ್ಜನ್ಮ ಅಂದ್ರೂ ಇದೇ ಅಲ್ವಾ ಅಂತಾನೆ ಆಫೀಸಿನ ಗೆಳೆಯ. ಆರು ವರ್ಷದ ಮಗಳು ತಾತ ಯಾವಾಗ ಏಳ್ತಾರೆ ಅಂತಾಳೆ. ನನ್ನ ಪ್ರಶ್ನೆ ಒಂದೇ: ಸೋಮವಾರದಿಂದ ಶನಿವಾರದವರೆಗೆ ಈ ನಂಬಿಕೆಯನ್ನು ಇಟ್ಟುಕೊಂಡು ನಾನು ಮಾಡಬೇಕಾದ್ದೇನು?

ಉತ್ತರ:

ದೊಡ್ಡಮ್ಮನ ಅಳುವಿನಿಂದಲೇ ಶುರು ಮಾಡುತ್ತೇನೆ. ಮಿಕ್ಕದ್ದು ಸ್ವಲ್ಪ ಕಾಯಬಹುದು, ಅದು ಕಾಯಬಾರದು.

ಕ್ರಿ.ಶ. 177ರಲ್ಲಿ, ಈಗ ಫ್ರಾನ್ಸಿನಲ್ಲಿರುವ ಲಿಯೋನ್ ಪಟ್ಟಣದಲ್ಲಿ ಕ್ರೈಸ್ತರನ್ನು ಹಿಡಿದು ಕೊಂದರು. ಕೊಂದವರು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಶವಗಳನ್ನು ಆರು ದಿನ ಬಯಲಲ್ಲಿ ಬಿಟ್ಟು, ಆಮೇಲೆ ಸುಟ್ಟು, ಬೂದಿಯನ್ನು ಗುಡಿಸಿ ರೋನ್ ನದಿಗೆ ಸುರಿದರು. ಇವರಿಗೆ ಮತ್ತೆ ಏಳುವ ಆಸೆಯಿದೆಯಲ್ಲ, ಈಗ ಹೇಗೆ ಏಳುತ್ತಾರೋ ನೋಡೋಣ ಎಂಬುದು ಅವರ ಉದ್ದೇಶ. ಅಲ್ಲಿನ ಸಭೆ, ಅಂದರೆ ಕ್ರೈಸ್ತ ಸಮುದಾಯ, ಈ ಸುದ್ದಿಯನ್ನು ಬೇರೆ ಊರಿನ ಸಭೆಗಳಿಗೆ ಪತ್ರ ಬರೆದು ತಿಳಿಸಿತು. ಆ ಸತ್ತವರನ್ನು ನಾವು ಇಂದಿಗೂ ರಕ್ತಸಾಕ್ಷಿಗಳೆಂದು ನೆನೆಯುತ್ತೇವೆ. ಸುಟ್ಟರೆ ಏಳಲಾಗದು ಎಂಬುದು ಕೊಂದವರ ಲೆಕ್ಕ. ಸಭೆ ಆ ಲೆಕ್ಕವನ್ನು ಯಾವತ್ತೂ ಒಪ್ಪಿಲ್ಲ. ಮಣ್ಣಿಗಿಟ್ಟ ದೇಹವೂ ಕೆಲವು ವರ್ಷಗಳಲ್ಲಿ ಮಣ್ಣೇ ಆಗುತ್ತದೆ, ಬೆಂಕಿ ಅದೇ ಕೆಲಸವನ್ನು ಬೇಗ ಮುಗಿಸುತ್ತದೆ. ಏನೂ ಇಲ್ಲದಲ್ಲಿಂದ ಮನುಷ್ಯನನ್ನು ಮಾಡಿದ ದೇವರಿಗೆ ಎರಡರಲ್ಲಿ ಯಾವುದೂ ಅಡ್ಡಿಯಲ್ಲ. ಇದನ್ನು ದೊಡ್ಡಮ್ಮನಿಗೆ ವಾದದಂತೆ ಹೇಳಬೇಡಿ. ಪಕ್ಕದಲ್ಲಿ ಕೂತು, ಲಿಯೋನಿನವರ ಕಥೆಯನ್ನಷ್ಟೇ ಹೇಳಿ.

ಅವರ ಅಂಜಿಕೆಗೆ ಕಾರಣವೂ ಇದೆ. ಕಥೋಲಿಕ ಸಭೆ ದಹನಕ್ಕೆ ಅನುಮತಿ ಕೊಟ್ಟದ್ದು 1963ರಲ್ಲಿ. ಅದಕ್ಕೆ ಮೊದಲು ಬೆಳೆದವರಿಗೆ ಅದು ಪಾಪ ಎಂದೇ ಕಲಿಸಿದ್ದರು. ಇವತ್ತಿಗೂ ಸಭೆ ಹೂಳುವುದನ್ನೇ ಹೆಚ್ಚು ಮೆಚ್ಚುತ್ತದೆ. ಆದರೆ ಪುನರುತ್ಥಾನವನ್ನು ಅಲ್ಲಗಳೆಯಬೇಕೆಂದೇ ಆರಿಸಿಕೊಂಡದ್ದಲ್ಲವಾದರೆ ದಹನ ತಪ್ಪಲ್ಲ.

ನೀವು ಈಗ ಸರಿಪಡಿಸಬೇಕಾದದ್ದು ಅಸ್ಥಿಯ ವಿಷಯ. 2016ರಲ್ಲಿ ರೋಮಿನಿಂದ ಬಂದ ಸೂಚನೆಯ ಪ್ರಕಾರ ಅಸ್ಥಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು, ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವುದು, ನೀರಲ್ಲೋ ಗಾಳಿಯಲ್ಲೋ ಬಿಡುವುದು, ಲಾಕೆಟ್ಟಿನಲ್ಲಿ ತುಂಬಿಸಿಕೊಳ್ಳುವುದು ಕೂಡದು. ಸ್ಮಶಾನದಲ್ಲೋ ಚರ್ಚಿಗೆ ಸೇರಿದ ಪವಿತ್ರ ಜಾಗದಲ್ಲೋ ಇಡಬೇಕು. ಸತ್ತವರು ಒಂದು ಕುಟುಂಬದ ಸ್ವತ್ತಲ್ಲ, ಇಡೀ ಸಭೆ ಅವರಿಗಾಗಿ ಪ್ರಾರ್ಥಿಸುವಂತಿರಬೇಕು, ಎರಡು ತಲೆಮಾರು ಕಳೆದರೂ ಹೆಸರು ಅಳಿಯಬಾರದು ಎಂಬುದು ಇದರ ಹಿಂದಿನ ಕಾಳಜಿ. ನಮ್ಮೂರಿನಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟೆಂದರೆ, ಒಳ್ಳೆಯ ಮನಸ್ಸಿನ ನೆಂಟರು ಶ್ರೀರಂಗಪಟ್ಟಣಕ್ಕೆ ಹೋಗಿ ಕಾವೇರಿಯಲ್ಲಿ ಬಿಟ್ಟುಬರೋಣ ಎನ್ನುತ್ತಾರೆ, ಮನೆಯವರಿಗೆ ಬೇಡವೆನ್ನಲು ಬಾಯಿ ಬರುವುದಿಲ್ಲ. ಆ ಮಾತು ಬರುವ ಮೊದಲೇ ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಕಾಣಿ. ಹೊಸೂರು ರಸ್ತೆಯ ಸ್ಮಶಾನದಲ್ಲೋ ಕಲ್ಪಳ್ಳಿಯದರಲ್ಲೋ ಅಜ್ಜ ಅಜ್ಜಿಯರ ಸಮಾಧಿಯಿದ್ದರೆ ಅದರಲ್ಲೇ ಇಡಬಹುದೇ ಎಂದು ಕೇಳಿ, ಶವಪೆಟ್ಟಿಗೆಗೆ ಬೇಕಾದಷ್ಟು ಅಗೆತ ಇದಕ್ಕೆ ಬೇಕಿಲ್ಲ. ಚಿತಾಗಾರದ ರಸೀದಿ, ಸಮಾಧಿಗೆ ಸಂಬಂಧಿಸಿದ ಹಳೆಯ ಕಾಗದ ಎರಡನ್ನೂ ಜೊತೆಗೇ ಒಯ್ಯಿರಿ. ಹಳೆಯ ಕಾಗದ ಸಿಗದೆ ಅಲೆದಾಡುವವರೇ ಹೆಚ್ಚು, ಆದ್ದರಿಂದ ಮೊದಲು ಅದನ್ನು ಹುಡುಕಿ. ಇಡುವ ದಿನ ಗುರುಗಳಿಂದ ಪ್ರಾರ್ಥನೆ ಮಾಡಿಸಿ, ದೊಡ್ಡಮ್ಮನನ್ನು ಕರೆದುಕೊಂಡು ಹೋಗಿ. ಹೋಗಿ ನಿಲ್ಲಲು ಒಂದು ಜಾಗ ಸಿಕ್ಕರೆ ಅವರ ಅರ್ಧ ಸಂಕಟ ಇಳಿಯುತ್ತದೆ.

ಇನ್ನು ಗೆಳೆಯನ ಮಾತು. ಪುನರುತ್ಥಾನ ಎಂಬುದು ಬಾಯಿಗೆ ಭಾರವಾದ ಪದ, ಆದರೆ ಉತ್ಥಾನ ಅವನಿಗೂ ಗೊತ್ತು. ತುಳಸಿಕಟ್ಟೆಗೆ ನೆಲ್ಲಿಯ ಕೊಂಬೆ ಸಿಕ್ಕಿಸುವ ಉತ್ಥಾನ ದ್ವಾದಶಿಯ ಉತ್ಥಾನವೇ ಅದು. ಉತ್ಥಾನ ಅಂದರೆ ಏಳುವುದು, ಜನ್ಮ ಅಂದರೆ ಹುಟ್ಟುವುದು. ವ್ಯತ್ಯಾಸವೆಲ್ಲ ಅಲ್ಲೇ ಇದೆ. ಪುನರ್ಜನ್ಮದಲ್ಲಿ ಜೀವ ಹಳೆಯ ಬಟ್ಟೆ ಕಳಚಿ ಹೊಸದನ್ನು ತೊಡುತ್ತದೆ. ಪುನರುತ್ಥಾನದಲ್ಲಿ ಬಟ್ಟೆಯನ್ನು ಎಸೆಯುವುದೇ ಇಲ್ಲ. ಇದೇ ಹೆಸರಿನ, ಇದೇ ತಾಯಿಯ ಮಗನಾದ ಇದೇ ಮನುಷ್ಯನನ್ನು ದೇವರು ಒಮ್ಮೆ, ಕೊನೆಯದಾಗಿ ಎಬ್ಬಿಸುತ್ತಾನೆ. ಮತ್ತೆ ಸಾವಿಲ್ಲ, ಸುತ್ತೂ ಇಲ್ಲ. ಹಾಗೆ ನೋಡಿದರೆ, ಯೇಸು ಸಮಾಧಿಯಿಂದ ಹೊರಗೆ ಕರೆದ ಲಾಜರನಿಗಾದದ್ದೂ ಪೂರ್ಣ ಪುನರುತ್ಥಾನವಲ್ಲ. ಅವನು ಇದೇ ಬದುಕಿಗೆ ಮರಳಿದ, ಮುಂದೆ ಎಲ್ಲರಂತೆ ಸಾಯಬೇಕಾದವನೇ. ನಮ್ಮವರಲ್ಲೇ ಬಹಳ ಮಂದಿ ಪುನರುತ್ಥಾನ ಅಂದರೆ ಆತ್ಮ ಸ್ವರ್ಗಕ್ಕೆ ಹಾರುವುದು ಅಂದುಕೊಂಡಿದ್ದಾರೆ. ನೀವು ಪೂಜೆಯಲ್ಲಿ ಹೇಳುವ ವಿಶ್ವಾಸ ಪ್ರಮಾಣದಲ್ಲಿ ‘ಶರೀರದ’ ಎಂಬ ಮಾತನ್ನು ಇಟ್ಟಿರುವುದೇ ಆ ತಪ್ಪು ಆಗದಿರಲಿ ಎಂದು.

ಎದ್ದ ದೇಹ ಹೇಗಿರುತ್ತದೆ? ಗ್ರೀಸಿನ ಕೊರಿಂಥ ಪಟ್ಟಣದ ಕ್ರೈಸ್ತರು ಇದನ್ನೇ ಕೇಳಿದ್ದರು. ಪ್ರೇಷಿತ ಪೌಲ ಅವರಿಗೆ ಬರೆದ ಪತ್ರದಲ್ಲಿ ಕೊಟ್ಟ ಹೋಲಿಕೆ ಬೀಜದ್ದು. ಗೋಧಿಯದೋ ಬೇರೆ ಯಾವುದರದೋ ಬರೀ ಕಾಳನ್ನು ಬಿತ್ತುತ್ತೀರಿ, ಬರಲಿರುವ ಪೈರನ್ನಲ್ಲ ಎನ್ನುತ್ತಾನೆ. ನಾವು ರಾಗಿ ಎಂದುಕೊಳ್ಳೋಣ. ಸಾಸಿವೆಯಷ್ಟು ಕಾಳನ್ನು ನೋಡಿ ತೆನೆಯನ್ನು ಊಹಿಸಲಾಗದು, ಆದರೂ ರಾಗಿ ಬಿತ್ತಿದಲ್ಲಿ ಜೋಳ ಬರುವುದಿಲ್ಲ. ಬದಲಾವಣೆ ಅಷ್ಟು ದೊಡ್ಡದು, ಆದರೆ ಎದ್ದವನು ಅವನೇ. ಶುಭಸಂದೇಶಗಳಲ್ಲೂ ಹೀಗೇ ಇದೆ. ಮಗ್ದಲದ ಮರಿಯಳು ಎದ್ದ ಯೇಸುವನ್ನು ತೋಟದವನೆಂದು ತಿಳಿದಳು, ಹೆಸರು ಹಿಡಿದು ಕರೆದಾಗ ಗುರುತಿಸಿದಳು. ಎಮ್ಮಾವುಸಿನ ದಾರಿಯಲ್ಲಿ ಸುಮಾರು 11 ಕಿಲೋಮೀಟರ್ ಜೊತೆಗೆ ನಡೆದ ಶಿಷ್ಯರಿಗೆ ಗುರುತು ಹತ್ತಿದ್ದು ರೊಟ್ಟಿ ಮುರಿದಾಗ. ಮುಚ್ಚಿದ ಬಾಗಿಲೊಳಗೆ ಬಂದ ಯೇಸು ಸುಟ್ಟ ಮೀನು ತಿಂದರು. ಮೊಳೆಯ ಗಾಯ ಕೈಯಲ್ಲಿ ಹಾಗೇ ಇತ್ತು. ಗಾಯ ಉಳಿದದ್ದು ನನಗೆ ಇಡೀ ವೃತ್ತಾಂತದಲ್ಲಿ ಅತ್ಯಂತ ಅಮೂಲ್ಯವಾಗಿ ಕಾಣುತ್ತದೆ. ಅನುಭವಿಸಿದ್ದನ್ನು ಅಳಿಸಿಹಾಕಿ ಎಬ್ಬಿಸಲಿಲ್ಲ, ಅದನ್ನು ಹೊತ್ತವರನ್ನೇ ಎಬ್ಬಿಸಿದರು.

ಈಗ ಸೋಮವಾರಕ್ಕೆ ಬರೋಣ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯ ಪೂರ್ತಿ, 58 ವಚನ, ಇದೇ ವಿಷಯ. ಒಂದೇ ಸಲಕ್ಕೆ ಓದಿದರೆ ತಲೆಗೆ ಹತ್ತುವುದಿಲ್ಲ. ಮೂರು ದಿನ ಮಾಡಿಕೊಳ್ಳಿ: 1ರಿಂದ 11, 12ರಿಂದ 34, 35ರಿಂದ 58. ಜೋರಾಗಿ ಓದಿ. ಮೂರನೆಯ ದಿನ ಮಾತ್ರ ಅಧ್ಯಾಯದ ಕೊನೆಗೆ ನಿಲ್ಲಿಸಬೇಡಿ, ಮುಂದಿನ ಅಧ್ಯಾಯದ ನಾಲ್ಕು ವಚನ ಸೇರಿಸಿಕೊಳ್ಳಿ. ಅಧ್ಯಾಯಗಳ ಗಡಿ ಹಾಕಿದ್ದು 13ನೇ ಶತಮಾನದಲ್ಲಿ, ಪೌಲನ ಪತ್ರದಲ್ಲಿ ಅದು ಇರಲಿಲ್ಲ. ಮರಣವೇ, ನಿನ್ನ ಜಯವೆಲ್ಲಿ ಎಂದು ಮುಗಿಲು ಮುಟ್ಟುವಂತೆ ಕೂಗಿದವನು, ಆದ್ದರಿಂದ ಕದಲದೆ ನಿಲ್ಲಿ, ಪ್ರಭುವಿನಲ್ಲಿ ನೀವು ಪಡುವ ಶ್ರಮ ವ್ಯರ್ಥವಲ್ಲ ಎನ್ನುತ್ತಾನೆ. ಅದರ ಬೆನ್ನಿಗೇ ಬರುವುದು ದುಡ್ಡಿನ ಮಾತು! ಜೆರುಸಲೇಮಿನ ಬಡವರಿಗಾಗಿ ಚಂದಾ ಎತ್ತುವ ವಿಷಯ: ವಾರದ ಮೊದಲ ದಿನ, ನಿಮ್ಮಲ್ಲಿ ಪ್ರತಿಯೊಬ್ಬನೂ, ತನಗಾದ ಗಳಿಕೆಗೆ ತಕ್ಕಂತೆ ತೆಗೆದಿಡಲಿ, ನಾನು ಬಂದ ಮೇಲೆ ಚಂದಾ ಎತ್ತುವುದು ಬೇಡ.

ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ. ವಾರದ ಮೊದಲ ದಿನ ಅಂದರೆ ಯೇಸು ಎದ್ದ ದಿನ, ಭಾನುವಾರ. ಪೂಜೆಗೆ ಹೊರಡುವ ಮೊದಲು, ಆ ವಾರದ ಗಳಿಕೆಯಲ್ಲಿ ಒಂದು ಪಾಲನ್ನು ಬೇರೆಯಾಗಿಡಿ. ಡಬ್ಬಿಯಲ್ಲಾದರೂ ಸರಿ, ಇನ್ನೊಂದು ಖಾತೆಯಲ್ಲಾದರೂ ಸರಿ. ತಿಂಗಳ ಕೊನೆಗೆ ಉಳಿದರೆ ಕೊಡೋಣ ಎಂದವರ ಕೈಯಲ್ಲಿ ಬೆಂಗಳೂರಿನ ಬಾಡಿಗೆ, ಶಾಲೆಯ ಫೀಸು ಏನನ್ನೂ ಉಳಿಸುವುದಿಲ್ಲ. ಮೊತ್ತ ಸಣ್ಣದಿರಲಿ, ಆದರೆ ವಾರ ತಪ್ಪದಿರಲಿ. ಅದು ಹೋಗಬೇಕಾದದ್ದು ಕಷ್ಟದಲ್ಲಿರುವ, ಸಾಧ್ಯವಾದರೆ ನೀವು ಮುಖ ನೋಡಿರುವ ಒಬ್ಬರಿಗೆ.

ಶ್ರಮ ಎಂಬುದಕ್ಕೆ ಪೌಲ ಬಳಸಿದ ಪದ ಮೈ ದಣಿಯುವ ಕೆಲಸಕ್ಕೆ ಹೇಳುವಂಥದ್ದು. ರಾತ್ರಿ ಪಾಳಿಯ ನರ್ಸು ಮಗ್ಗುಲು ಬದಲಿಸಿದ ರೋಗಿ ಬೆಳಗ್ಗೆ ತೀರಿಹೋಗಬಹುದು. ಸ್ವಯಂಸೇವಕರು ಕಸ ತೆಗೆದ ಕೆರೆಯಲ್ಲಿ ಮುಂದಿನ ಮಳೆಗೆ ಮತ್ತೆ ಕಸ ತೇಲಬಹುದು. ಪ್ರೀತಿಯಿಂದ ಮಾಡಿದ ಅಂಥ ಕೆಲಸವನ್ನೂ ದೇವರು ಬಿಸಾಡುವುದಿಲ್ಲ, ದೇಹವನ್ನು ಬಿಸಾಡದ ಹಾಗೆಯೇ. ಈ ಮಾತನ್ನು ನಂಬಿದವರು ಫಲ ಕಾಣದಿದ್ದರೂ ಮರುದಿನ ಮತ್ತೆ ಕೆಲಸಕ್ಕೆ ಹೋಗುತ್ತಾರೆ.

ದೇಹದ ವಿಷಯವೂ ಅಷ್ಟೇ. ದೇವರು ಎಬ್ಬಿಸಲಿರುವುದು ಇದೇ ದೇಹವನ್ನು, ಆದ್ದರಿಂದ ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಿಸದಿರುವುದು, ನಿದ್ದೆಗೆಡದಿರುವುದು, ಮನೆಗೆಲಸದವರ ಬೆನ್ನು ಮುರಿಯುವಷ್ಟು ಕೆಲಸ ಹೇಳದಿರುವುದು ಎಲ್ಲವೂ ವಿಶ್ವಾಸಕ್ಕೇ ಸೇರಿದ್ದು. ಪ್ರಾರ್ಥನಾ ಕೂಟದಲ್ಲಿ ಯಾರಾದರೂ ವಿಶ್ವಾಸವಿದ್ದರೆ ಔಷಧಿ ನಿಲ್ಲಿಸು ಎಂದರೆ ಕೇಳಬೇಡಿ. ಪುನರುತ್ಥಾನದ ಹೆಸರಿನಲ್ಲಿ ಹೇಳುವ ಇದಕ್ಕಿಂತ ಅಪಾಯದ ಸುಳ್ಳು ಇನ್ನೊಂದಿಲ್ಲ.

ಬೆಳಗ್ಗೆಗೆ ಒಂದು ಚಿಕ್ಕ ಅಭ್ಯಾಸ. ಯೇಸು ಎದ್ದರು ಎನ್ನಲು ಮೂಲ ಗ್ರೀಕಿನಲ್ಲಿರುವ ಕ್ರಿಯಾಪದವೇ ಜ್ವರದಿಂದ ಮಲಗಿದ್ದ ಪೇತ್ರನ ಅತ್ತೆಯನ್ನು ಕೈಹಿಡಿದು ಎಬ್ಬಿಸಿದಾಗಲೂ ಬರುತ್ತದೆ. ನಮ್ಮ ‘ಎದ್ದ್ಯಾ?’ ಎಂಬಷ್ಟೇ ಮನೆಮಾತು. ಹಾಸಿಗೆಯಿಂದ ಕಾಲು ಕೆಳಗಿಡುವಾಗ ಶಿಲುಬೆಯ ಗುರುತು ಹಾಕಿ, ‘ನೀನು ಎದ್ದಿದ್ದೀ, ನನ್ನನ್ನೂ ಎಬ್ಬಿಸಿದ್ದೀ’ ಎಂದಷ್ಟೇ ಹೇಳಿ. ಹತ್ತು ಸೆಕೆಂಡು ಸಾಕು. ಚರ್ಚಿನ ಬಾಗಿಲಲ್ಲಿ ತೀರ್ಥಕ್ಕೆ ಬೆರಳು ಅದ್ದುವಾಗಲೂ ಅವಸರ ಬೇಡ. ಅದು ಜ್ಞಾನಸ್ನಾನದ ನೆನಪು, ಕ್ರಿಸ್ತನೊಡನೆ ಹೂಳಲ್ಪಟ್ಟು ಎದ್ದದ್ದರ ನೆನಪು. ಪಾಸ್ಖ (ಈಸ್ಟರ್) ಜಾಗರಣೆಯ ರಾತ್ರಿ ಹೊಸ ಬೆಂಕಿಯಿಂದ ಹೊತ್ತಿಸುವ ದೊಡ್ಡ ಮೇಣದಬತ್ತಿಯನ್ನು ಗಮನಿಸಿ: ಆ ವರ್ಷದ ನಾಲ್ಕು ಅಂಕಿ, ಐದು ಗಾಯಗಳಿಗೆ ಐದು ಧೂಪದ ಹರಳು. ಮಗುವಿನ ಜ್ಞಾನಸ್ನಾನಕ್ಕೂ ಚರ್ಚಿನಲ್ಲಿ ಶವಪೆಟ್ಟಿಗೆಯ ಪಕ್ಕದಲ್ಲೂ ಉರಿಯುವುದು ಅದೇ ಬತ್ತಿ. ಪಾಸ್ಖ ಕಾಲ ಒಂದು ದಿನದ್ದಲ್ಲ, 50 ದಿನ. ಅದಕ್ಕೆ ಮೊದಲಿನ ತಪಸ್ಸುಕಾಲದ 40 ದಿನ ಮಾಂಸ ಬಿಟ್ಟವರು ಈ 50 ದಿನ ಏನೂ ಮಾಡದೆ ಕಳೆಯುತ್ತಾರೆ. ನಿಮ್ಮ ಮನೆಯಲ್ಲಾದರೂ ಊಟದ ಮುಂಚೆ ಒಂದು ಅಲ್ಲೆಲೂಯ ಹಾಡಿ.

ನಿಮ್ಮ ದುಃಖದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸಾವಿನ ಮನೆಗೆ ಬಂದವರು ಅಳಬೇಡಿ, ಅವರು ದೇವರ ಹತ್ತಿರ ಇದ್ದಾರೆ ಎನ್ನುತ್ತಾರೆ. ಅದಕ್ಕೆ ಪೌಲ ಥೆಸಲೋನಿಕದವರಿಗೆ ಬರೆದ ಪತ್ರವನ್ನು ಆಧಾರ ಕೊಡುತ್ತಾರೆ. ಅಲ್ಲಿರುವುದು ದುಃಖಿಸಬೇಡಿ ಎಂದಲ್ಲ, ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿ ಎಂದು. ಕೆಲವೇ ನಿಮಿಷಗಳಲ್ಲಿ ಲಾಜರನನ್ನು ಹೊರಗೆ ಕರೆಯಲಿದ್ದ ಯೇಸು ಕೂಡ ಆ ಸಮಾಧಿಗೆ ಹೋಗುವಾಗ ಅತ್ತರು. ಎರಡು ತಿಂಗಳು ಏನೇನೂ ಅಲ್ಲ. ಅಳಿ, ದೊಡ್ಡಮ್ಮನ ಜೊತೆಗೇ ಅಳಿ.

ಮಗಳಿಗೆ ತಾತ ಮಲಗಿದ್ದಾರೆ ಎಂದು ಹೇಳಬೇಡಿ. ಹೊಸ ಒಡಂಬಡಿಕೆ ಸಾವನ್ನು ನಿದ್ರೆ ಎನ್ನುವುದು ನಿಜ, ಸೆಮೆಟರಿ ಎಂಬ ಪದವೂ ಮಲಗುವ ಜಾಗ ಎಂಬ ಗ್ರೀಕ್ ಮಾತಿನಿಂದಲೇ ಬಂದದ್ದು. ಆದರೆ ಆರು ವರ್ಷದ ಮಗು ಅದನ್ನು ಹಾಗೇ ನಂಬಿ ರಾತ್ರಿ ಕಣ್ಣು ಮುಚ್ಚಲು ಹೆದರಬಹುದು. ತಾತನ ದೇಹ ಕೆಲಸ ನಿಲ್ಲಿಸಿತು, ಅವರಿಗೆ ಈಗ ನೋವಿಲ್ಲ, ಯೇಸುವನ್ನು ಎಬ್ಬಿಸಿದ ದೇವರು ಒಂದು ದಿನ ತಾತನನ್ನೂ ಎಬ್ಬಿಸುತ್ತಾರೆ, ಆ ದಿನ ಯಾವುದು ಅಂತ ಅಪ್ಪನಿಗೂ ಗೊತ್ತಿಲ್ಲ ಎಂದು ಹೇಳಿ. ಗೊತ್ತಿಲ್ಲ ಎನ್ನಲು ಹಿಂಜರಿಯಬೇಡಿ. ನವೆಂಬರ್ 2ಕ್ಕೆ, ಸತ್ತವರ ಸ್ಮರಣೆಯ ದಿನ, ಅವಳನ್ನೂ ಸ್ಮಶಾನಕ್ಕೆ ಕರೆದುಕೊಂಡು ಹೋಗಿ. ಸಮಾಧಿ ತೊಳೆಯಲು ಬಿಡಿ, ಸೇವಂತಿಗೆಯನ್ನು ಅವಳೇ ಇಡಲಿ. ಮೇಣದಬತ್ತಿಗೆ ಒಂದು ಗಾಜಿನ ಲೋಟವೂ ಇರಲಿ. ಆ ಹೊತ್ತಿಗೆ ಬೆಂಗಳೂರಿನಲ್ಲಿ ಗಾಳಿ, ತುಂತುರು ಎರಡೂ ಇರಬಹುದು.