ಬಿಯರ್ ಬೋಟಿನಲ್ಲೇ ಇರುತ್ತೆ, ಮೊದಲು ನೀರಿಗಿಳಿದು ಬನ್ನಿ

ಅರೇಬಿಕಾ ಕೊಯ್ಲು ಮುಗಿದು ಕೈಗೆ ನಾಲ್ಕು ಕಾಸು ಬಂತೆಂದರೆ ನಮ್ಮ ಹಾಸನ, ಚಿಕ್ಕಮಗಳೂರಿನ ಕಡೆಯವರು ಗೋವಾ, ಮುರುಡೇಶ್ವರ, ಅಂಡಮಾನ್ ಎಂದು ಹೊರಡುತ್ತಾರೆ. ಹೊರಡುವ ವಾರ ನನಗೆ ಪತ್ರ ಬರೆಯುತ್ತಾರೆ. ಹಾಸನದಲ್ಲಿ ರೋಗಿಗಳನ್ನು ನೋಡುವುದು ನನ್ನ ಕಸುಬು. ಬಿಡುವಾದಾಗ ಮುರುಡೇಶ್ವರದ ಆಚೆಯ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ನಾರ್ಕೆಲಿಂಗ್ ಮಾಡುವುದು, ಅಂದರೆ ಮಾಸ್ಕ್ ಹಾಕಿಕೊಂಡು, ಬಾಯಲ್ಲಿ ಉಸಿರಿನ ಕೊಳವೆ ಕಚ್ಚಿ, ಮುಖ ನೀರಿಗಿಟ್ಟು ತೇಲುತ್ತಾ ಕೆಳಗಿನದನ್ನು ನೋಡುವುದು, ಹದಿನೈದು ವರ್ಷದ ಅಭ್ಯಾಸ. ಈ ಸಲ ಬಂದ ಪ್ರಶ್ನೆಗಳಲ್ಲಿ ಒಂದೇ ಪ್ರಶ್ನೆ ಏಳು ಪತ್ರಗಳಲ್ಲಿದೆ: ಬಿಯರ್ ಕುಡಿದು ನೀರಿಗಿಳಿಯಬಹುದಾ? ಹೋದ ವರ್ಷವೂ ಅದೇ ಇತ್ತು. ಅದಕ್ಕೆ ಈ ಬಾರಿ ಜಾಗ ಹೆಚ್ಚು ಕೊಡುತ್ತೇನೆ. ಮಾಸ್ಕ್ ಎಂದರೇನು, ಫಿನ್ಸ್ ಹೇಗೆ ಹಾಕುವುದು ಎಂದು ಕೇಳಿದವರಿಗೆ ಬೋಟಿನವರೇ ತೋರಿಸುತ್ತಾರೆ.

ಸಕಲೇಶಪುರದ ಹತ್ತಿರದ ತೋಟದವರೊಬ್ಬರು: ಡಾಕ್ಟ್ರೇ, ಹೇಮಾವತಿ ಹೊಳೆಯಲ್ಲಿ ಈಜು ಕಲಿತವನು ನಾನು. ಈಗಲೂ ತೋಟದ ಕೆರೆಯನ್ನು ನಾಲ್ಕು ಸುತ್ತು ಹೊಡೀತೀನಿ. ಹನ್ನೆರಡು ಜನ ಗೋವಾಕ್ಕೆ ಹೋಗ್ತಿದ್ದೀವಿ. ದ್ವೀಪಕ್ಕೆ ಕರೆದೊಯ್ಯುವ ಪಾರ್ಟಿ ಬೋಟ್, ಡಿಜೆ, ಊಟ, ಬಿಯರ್, ಗೈಡ್ ಜೊತೆ ಸ್ನಾರ್ಕೆಲಿಂಗ್, ಎಲ್ಲ ಒಂದೇ ಪ್ಯಾಕೇಜು. ಒಂದೆರಡು ಬಿಯರ್ ಹಾಕಿಕೊಂಡು ಇಳಿದರೆ ಏನಾಗುತ್ತೆ? ಲೈಫ್ ಜಾಕೆಟ್ ನನಗೂ ಬೇಕಾ?

ಇಳಿಯಬೇಡಿ. ಒಂದೂ ಬೇಡ, ಅರ್ಧವೂ ಬೇಡ. ಮೇಲೆ ಬಂದಾದ ಮೇಲೆ, ಇವತ್ತಿಗೆ ಇನ್ನು ನೀರಿಗಿಳಿಯುವುದಿಲ್ಲ ಎಂದು ಖಾತ್ರಿಯಾದ ಮೇಲೆ, ಕುಡಿಯುವವರು ಕುಡಿಯಲಿ. ಅದು ಅವರವರ ಇಷ್ಟ. ನನ್ನ ತಕರಾರು ಮೊದಲು ಯಾವುದು, ಆಮೇಲೆ ಯಾವುದು ಎಂಬುದರ ಬಗ್ಗೆ ಮಾತ್ರ.

"ಬಿಯರ್ ಅಲ್ವಾ, ಹಾಟ್ ಡ್ರಿಂಕ್ಸ್ ಅಲ್ಲವಲ್ಲ" ಅನ್ನುತ್ತೀರಿ. ಲೆಕ್ಕ ಹಾಕೋಣ. 650 ಮಿ.ಲೀ. ಬಾಟಲಿ, ಶೇ 7ರ ಸ್ಟ್ರಾಂಗ್ ಬಿಯರ್ ಎಂದರೆ ಸುಮಾರು 36 ಗ್ರಾಂ ಆಲ್ಕೋಹಾಲ್. ಲಿವರ್ ಗಂಟೆಗೆ ಹೆಚ್ಚುಕಮ್ಮಿ 7ರಿಂದ 10 ಗ್ರಾಂ ಮಾತ್ರ ಕರಗಿಸುತ್ತದೆ. ಬೆಳಿಗ್ಗೆ 9ಕ್ಕೆ ಬೋಟ್ ಹತ್ತುತ್ತಲೇ ಒಂದು ಬಾಟಲಿ ಮುಗಿಸಿದವರ ರಕ್ತದಲ್ಲಿ 12 ಗಂಟೆಗೂ ಅದು ಇರುತ್ತದೆ. ನೀರಿಗಿಳಿಸುವುದು ಅದಕ್ಕೂ ಮುಂಚೆಯೇ. ಮಜ್ಜಿಗೆ ಕುಡಿದರೆ ಇಳಿಯುತ್ತೆ, ನಿಂಬೆಹಣ್ಣು ಹಿಂಡಿಕೊಂಡರೆ ಇಳಿಯುತ್ತೆ, ತಣ್ಣೀರು ಮೈಗೆ ಬಿದ್ದರೆ ಇಳಿಯುತ್ತೆ, ಇವೆಲ್ಲ ಸುಳ್ಳು. ಅದನ್ನು ಇಳಿಸುವುದು ಗಡಿಯಾರ ಒಂದೇ.

ಈಗ ನಿಮ್ಮ ಈಜಿನ ವಿಷಯ. ನೀವು ಚೆನ್ನಾಗಿ ಈಜುತ್ತೀರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನನಗೆ ಹೆದರಿಕೆ ಇರುವುದೇ ನಿಮ್ಮಂಥವರ ಬಗ್ಗೆ. ಈಜು ಬಾರದವರು ಗೈಡ್ ಕೈ ಬಿಡುವುದಿಲ್ಲ, ಜಾಕೆಟ್ ಬಿಚ್ಚುವುದಿಲ್ಲ, ಏಣಿಯಿಂದ ದೂರ ಹೋಗುವುದಿಲ್ಲ. ಕೆರೆಯಲ್ಲಿ ಈಜಿದವರು ಎಲ್ಲವನ್ನೂ ಬಿಡುತ್ತಾರೆ. ಕೆರೆಯದ್ದು ನಿಂತ ನೀರು, ಸುಸ್ತಾದರೆ ನಾಲ್ಕು ಬಡಿತಕ್ಕೆ ದಡ ಸಿಗುತ್ತದೆ. ಸಮುದ್ರದಲ್ಲಿ ಸೆಳೆತ ಗಂಟೆಗೆ 2 ಕಿ.ಮೀ. ಇದ್ದರೆ ಸಾಕು, ಸಾಧಾರಣ ಈಜುಗಾರ ಎಷ್ಟು ಕೈ ಬಡಿದರೂ ಇದ್ದಲ್ಲೇ ಇರುತ್ತಾನೆ. ಉಪ್ಪು ನೀರಿನಲ್ಲಿ ಮೈ ಹಗುರವಾಗಿ ತೇಲುವುದು ನಿಜ. ಆ ಹಗುರವನ್ನೇ ನಂಬಿ ಬೋಟಿನಿಂದ ದೂರ ಹೋಗುತ್ತಾರೆ.

ಸ್ನಾರ್ಕೆಲ್ ಕೊಳವೆಯ ವಿಷಯ ಯಾರೂ ಹೇಳಿಕೊಡುವುದಿಲ್ಲ, ನಾನು ಹೇಳುತ್ತೇನೆ. ನೀವು ಬಿಟ್ಟ ಉಸಿರಿನಲ್ಲಿ ಸ್ವಲ್ಪ ಆ ಕೊಳವೆಯೊಳಗೇ ಉಳಿದು, ಮುಂದಿನ ಉಸಿರಿಗೆ ಮೊದಲು ಅದೇ ಒಳಗೆ ಬರುತ್ತದೆ. ನಿಧಾನವಾಗಿ, ಉದ್ದಕ್ಕೆ ಉಸಿರಾಡಿದರೆ ತೊಂದರೆಯಿಲ್ಲ. ಗಾಬರಿಯಾಗಿ ಮೇಲುಸಿರು ಎಳೆದರೆ ನಿಮ್ಮ ಹಳೆಯ ಗಾಳಿಯನ್ನೇ ಮತ್ತೆ ಮತ್ತೆ ಎಳೆದುಕೊಳ್ಳುತ್ತೀರಿ, ಗಾಬರಿ ಇನ್ನೂ ಹೆಚ್ಚುತ್ತದೆ. ಮಧ್ಯೆ ಒಂದು ಅಲೆ ಬಂದು ಕೊಳವೆಯ ಬಾಯಿಗೆ ನೀರು ಬಿತ್ತು ಎನ್ನಿ. ಎಚ್ಚರವಿರುವವನು ಆ ಕ್ಷಣ ಉಸಿರು ತಡೆದು, "ತೂ" ಎಂದು ಜೋರಾಗಿ ಊದಿ ನೀರನ್ನು ಮೇಲಕ್ಕೆ ಚಿಮ್ಮಿಸುತ್ತಾನೆ. ಕುಡಿದವನು ಅರ್ಧ ಕ್ಷಣ ತಡ ಮಾಡುತ್ತಾನೆ. ಆ ಅರ್ಧ ಕ್ಷಣದಲ್ಲಿ ಅವನು ಒಳಕ್ಕೆ ಎಳೆದದ್ದು ಗಾಳಿಯಲ್ಲ. ಕುಡಿತ ಕೆಮ್ಮಿನ ಚುರುಕನ್ನೂ ಮಂಕು ಮಾಡಿರುತ್ತದೆ. ಹೊಟ್ಟೆಯಲ್ಲಿರುವ ಬಿಯರ್ ವಾಂತಿಯಾದರೆ ಅದು ಬರುವುದೂ ಬಾಯಿಗೇ, ಕೊಳವೆ ಇರುವುದೂ ಬಾಯಲ್ಲೇ.

ಇದನ್ನು ಪುಸ್ತಕ ನೋಡಿ ಬರೆಯುತ್ತಿಲ್ಲ. ಒಮ್ಮೆ ಇಂಥದೇ ಬೋಟಿನಲ್ಲಿ ನಮ್ಮ ಜೊತೆ ಆಲೂರು ಕಡೆಯ ಗುಂಪೊಂದಿತ್ತು. ಅವರಲ್ಲಿ ಮೂವತ್ತೈದರ ಆಸುಪಾಸಿನ ಗಟ್ಟಿಮುಟ್ಟಾದ ಆಳು, ಒಳ್ಳೆಯ ಈಜುಗಾರ, ಎರಡು ಬಿಯರ್ ಆಗಿತ್ತು. ಜಾಕೆಟ್ ಬಿಚ್ಚಿ ಬೋಟಿನ ಮೇಲೆ ಎಸೆದು ಧುಮುಕಿದರು. ಹತ್ತು ನಿಮಿಷಕ್ಕೆ ಬೋಟಿನಿಂದ ಮೂವತ್ತು ಮಾರು ದೂರದಲ್ಲಿದ್ದರು. ಮಾಸ್ಕನ್ನು ಹಣೆಗೆ ಏರಿಸಿದ್ದರು. ತಲೆ ಹಿಂದಕ್ಕೆ ವಾಲಿತ್ತು, ಬಾಯಿ ನೀರಿನ ಮಟ್ಟಕ್ಕೆ ಸರಿಯಾಗಿತ್ತು, ಎರಡೂ ಕೈ ಪಕ್ಕಕ್ಕೆ ಚಾಚಿ ನೀರನ್ನು ಕೆಳಕ್ಕೆ ಒತ್ತುತ್ತಿದ್ದರು, ಏಣಿ ಹತ್ತುವವರ ಹಾಗೆ. ಕೂಗಲಿಲ್ಲ, ಕೈ ಬೀಸಲಿಲ್ಲ. ಮೇಲಿದ್ದ ಗೆಳೆಯರು "ನೋಡ್ರೋ, ಡ್ಯಾನ್ಸ್ ಮಾಡ್ತಾವ್ನೆ" ಎಂದು ಮೊಬೈಲ್ ಹಿಡಿದಿದ್ದರು. ಗೈಡ್ ಇನ್ನೊಂದು ಪಕ್ಕದಲ್ಲಿ ಫೋಟೊ ತೆಗೆಯುತ್ತಿದ್ದ. ಮುಳುಗುತ್ತಿರುವವರು "ಕಾಪಾಡಿ" ಎಂದು ಕೂಗುವುದಿಲ್ಲ ಕಣ್ರೀ. ಕೂಗುವುದಕ್ಕೆ ಉಸಿರು ಬೇಕು, ಅವರಿಗೆ ಇಲ್ಲದಿರುವುದೇ ಅದು. ನಾನು ಬೋಟಿನ ತೇಲುವ ರಿಂಗ್ ಎಳೆದುಕೊಂಡು ಹೋಗಿ, ಹಿಂದಿನಿಂದ ಕಂಕುಳಿಗೆ ಕೈ ಹಾಕಿ ಹಿಡಿದೆ. ಮೇಲೆ ಬಂದು ಕೆಮ್ಮಿ, ನಕ್ಕು, "ಏನಿಲ್ಲ ಬಿಡಿ" ಅಂದರು. ಸಂಜೆ ಹೊತ್ತಿಗೆ ಮಾತಾಡುವಾಗ ಏದುಸಿರು. ಎದೆಯ ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶದ ಕೆಳಭಾಗ ಬೆಳ್ಳಗಾಗಿತ್ತು. ಎರಡು ರಾತ್ರಿ ಆಕ್ಸಿಜನ್ ಮೇಲೆ ಇದ್ದರು. ನೀರು ಕುಡಿದು ಮೇಲೆ ಬಂದವರಿಗೆ ಕೆಮ್ಮು ನಿಲ್ಲದಿದ್ದರೆ, ಉಸಿರು ಭಾರವಾದರೆ, ಮಂಕಾದರೆ, ರೂಮಿನಲ್ಲಿ ಮಲಗಿಸಬೇಡಿ. ನೇರ ಆಸ್ಪತ್ರೆ.

ಜಾಕೆಟ್ ಬೇಕಾ ಎಂದಿರಿ. ಬೇಕು. ಕಿತ್ತಳೆ ಬಣ್ಣದ ದಪ್ಪ ಜಾಕೆಟ್ ಗಲ್ಲವನ್ನು ಮೇಲಕ್ಕೆ ತಳ್ಳುತ್ತದೆ, ಮುಖ ನೀರಿಗಿಡಲು ಕಷ್ಟ, ಆ ದೂರು ಸರಿಯಾದದ್ದೇ. ಗಾಳಿ ಊದುವ ಸ್ನಾರ್ಕೆಲಿಂಗ್ ವೆಸ್ಟ್ ಇದೆಯಾ ಕೇಳಿ, ಈಜು ಬಲ್ಲವರಿಗೆ ಅದು ಸಾಕು. ಇಲ್ಲದಿದ್ದರೆ ಕಿತ್ತಳೆಯದನ್ನೇ ಹಾಕಿ, ಎಲ್ಲ ಬಕಲ್ ಬಿಗಿಯಿರಿ. ಹಾಕಿಕೊಂಡ ಮೇಲೆ ಎರಡೂ ಕೈ ಎತ್ತಿ, ಜೊತೆಯವರಿಗೆ ಹೇಳಿ ಭುಜದ ಹತ್ತಿರ ಮೇಲಕ್ಕೆ ಎಳೆಸಿ. ಕಿವಿಯವರೆಗೆ ಬಂದರೆ ಅದು ನಿಮ್ಮ ಅಳತೆಯದ್ದಲ್ಲ.

"ಗೈಡ್ ಇರ್ತಾನಲ್ಲ" ಎಂಬುದು ನಿಮ್ಮ ಇನ್ನೊಂದು ಧೈರ್ಯ. ದುಡ್ಡು ಕೊಡುವ ಮುಂಚೆ ಫೋನಿನಲ್ಲೇ ಕೇಳಿ: ಗೈಡ್ ನೀರಿನೊಳಗೆ ಇರುತ್ತಾನೋ ಬೋಟಿನ ಮೇಲೋ? ಒಬ್ಬ ಗೈಡ್‌ಗೆ ಎಷ್ಟು ಜನ? ಫೋಟೊ ತೆಗೆಯುವವನೂ ಕಾಯುವವನೂ ಒಬ್ಬನೇನಾ? ಜನ ನೀರಿನಲ್ಲಿರುವಾಗ ಎಂಜಿನ್ ಪೂರ್ತಿ ಆಫ್ ಮಾಡುತ್ತಾರಾ? ಹೊರಡುವ ಮುಂಚೆ ತಲೆ ಎಣಿಸುತ್ತಾರಾ? "ಎಲ್ಲಾ ಸೇಫು ಸರ್, ದಿನಾ ಇನ್ನೂರು ಜನ ಬರ್ತಾರೆ" ಎಂಬುದು ಇದರಲ್ಲಿ ಒಂದಕ್ಕೂ ಉತ್ತರವಲ್ಲ. ಈಜು ಬಾರದವರು ನಾಲ್ಕು ಜನಕ್ಕಿಂತ ಹೆಚ್ಚು ಒಬ್ಬನ ಕೈಲಿದ್ದರೆ ನನ್ನ ಮನೆಯವರನ್ನು ನಾನು ಇಳಿಸುವುದಿಲ್ಲ. ಇದು ಯಾವ ಕಾನೂನೂ ಅಲ್ಲ, ನನ್ನ ಕಟ್ಟುನಿಟ್ಟು. ಹನ್ನೆರಡು ಜನ ಹೋಗುತ್ತಿದ್ದೀರಿ, ಇಬ್ಬಿಬ್ಬರ ಜೋಡಿ ಮಾಡಿಕೊಳ್ಳಿ. ಕುಡಿಯಲೇಬೇಕೆನ್ನುವವರನ್ನು ಮೇಲೆ ಕೂರಿಸಿ. ಆದರೆ ನೀರಿನಲ್ಲಿರುವವರ ಮೇಲೆ ಕಣ್ಣಿಡುವ ಕೆಲಸ ಅವರಿಗೆ ಕೊಡಬೇಡಿ.

ಚಿಕ್ಕಮಗಳೂರಿನಿಂದ ಒಬ್ಬ ಮಗಳು: ಅಪ್ಪಾಜಿಗೆ 61. ಬಿಪಿ, ಶುಗರ್ ಎರಡಕ್ಕೂ ಮಾತ್ರೆ. ದೀಪಾವಳಿಗೆ ದೇವೀರಮ್ಮನ ಬೆಟ್ಟ ಹತ್ತಿ ಇಳಿದಿದ್ದಾರೆ. ಸ್ನಾರ್ಕೆಲಿಂಗ್ ಮಾಡಬಹುದಾ?

ಬೆಟ್ಟ ಹತ್ತಿದ್ದು ಒಳ್ಳೆಯ ಲಕ್ಷಣ, ಆದರೆ ಅಷ್ಟೇ ಸಾಲದಮ್ಮ. ಬೆಟ್ಟದಲ್ಲಿ ಸುಸ್ತಾದರೆ ಬಂಡೆ ಮೇಲೆ ಕೂರಬಹುದು. ಕುತ್ತಿಗೆವರೆಗೆ ನೀರಿನಲ್ಲಿದ್ದಾಗ ಕೈಕಾಲಿನ ರಕ್ತ ಎದೆಯ ಕಡೆಗೆ ಬಂದು ಹೃದಯದ ಹೊರೆ ಹೆಚ್ಚುತ್ತದೆ. ಅದರ ಜೊತೆ ಗಾಳಿ ಸಲೀಸಾಗಿ ಬಾರದ ಕೊಳವೆಯಲ್ಲಿ ಜೋರಾಗಿ ಉಸಿರೆಳೆದರೆ, ನೀರು ಕುಡಿಯದೆಯೂ ಶ್ವಾಸಕೋಶದಲ್ಲಿ ದ್ರವ ತುಂಬಬಹುದು ಎಂದು ಹವಾಯಿಯಲ್ಲಿ ಸ್ನಾರ್ಕೆಲಿಂಗ್ ಸಾವುಗಳನ್ನು ಪರಿಶೀಲಿಸಿದವರು ಎಚ್ಚರಿಸಿದ್ದಾರೆ. ಹೋಗುವ ಮುಂಚೆ ಇಸಿಜಿ, ಎಕೋ ಮಾಡಿಸಿ, ಅವರ ಡಾಕ್ಟರನ್ನು ಕೇಳಿ. ಆಮೇಲೂ ಬೋಟಿನ ಏಣಿಯ ಹತ್ತಿರ, ರಿಂಗ್ ಹಿಡಿದು, ಹದಿನೈದು ನಿಮಿಷ ಸಾಕು. ಇಡೀ ಮುಖ ಮುಚ್ಚುವ ಮಾಸ್ಕ್ ಅವರಿಗೆ ಬೇಡ. ಎದೆ ಬಿಗಿ ಎನಿಸಿದ ಕೂಡಲೇ ಅಂಗಾತ ಮಲಗಿ ಕೈ ಎತ್ತಲಿ. ಆ ದಿನ ಬಿಪಿ ಮಾತ್ರೆ ತಪ್ಪಿಸುವುದು ಬೇಡ, ಶುಗರ್ ಮಾತ್ರೆ ನುಂಗಿ ಹಸಿದಿರುವುದೂ ಬೇಡ.

ಅರಸೀಕೆರೆಯಿಂದ: ಮುಳುಗಿದವರನ್ನು ಉಪ್ಪಿನ ರಾಶಿಯಲ್ಲಿ ಹೂತಿಟ್ಟರೆ ಉಪ್ಪು ನೀರೆಳೆದು ಮತ್ತೆ ಉಸಿರು ಬರುತ್ತಂತೆ, ವಾಟ್ಸಾಪ್‌ನಲ್ಲಿ ಬಂದಿದೆ. ನಿಜವಾ?

ಸುಳ್ಳು. ಇದನ್ನು ಫಾರ್ವರ್ಡ್ ಮಾಡಿದ ಪ್ರತಿಯೊಬ್ಬರ ಮೇಲೂ ನನಗೆ ಸಿಟ್ಟಿದೆ. ನಮ್ಮ ರಾಜ್ಯದಲ್ಲೇ ಹೆತ್ತವರು ಮಕ್ಕಳ ದೇಹವನ್ನು ಮೂಟೆ ಮೂಟೆ ಉಪ್ಪಿನಲ್ಲಿಟ್ಟುಕೊಂಡು ಗಂಟೆಗಟ್ಟಲೆ ಕಾದಿದ್ದಾರೆ. ಆಮ್ಲಜನಕವಿಲ್ಲದೆ ನಾಲ್ಕರಿಂದ ಆರು ನಿಮಿಷಕ್ಕೆ ಮೆದುಳು ಕೆಡಲು ಶುರುವಾಗುತ್ತದೆ. ಆ ನಿಮಿಷಗಳನ್ನು ಉಪ್ಪು ತರುವುದರಲ್ಲಿ ಕಳೆಯುವುದಾ? ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಅದುಮಿ ನೀರು ಕಕ್ಕಿಸುವುದು, ಅಂಗಾಲಿಗೆ ಬೂದಿ ತಿಕ್ಕುವುದು, ಇವೂ ಅಷ್ಟೇ. ಹೊಟ್ಟೆ ಅದುಮಿದರೆ ಒಳಗಿದ್ದದ್ದು ವಾಂತಿಯಾಗಿ ಶ್ವಾಸಕೋಶಕ್ಕೇ ಹೋಗುತ್ತದೆ. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಗಲ್ಲ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಮೊದಲು ಉಸಿರು ಕೊಡಿ. ಮುಳುಗಿದವರಿಗೆ ಬೇಕಾಗಿರುವುದು ಅದೇ. ಆಮೇಲೆ ಎದೆಯ ನಡುವೆ 30 ಸಲ ಒತ್ತಿ, 2 ಉಸಿರು, ಮತ್ತೆ 30. ನಿಮಿಷಕ್ಕೆ 100ರಿಂದ 120ರ ವೇಗ, ದೊಡ್ಡವರಿಗೆ 5 ಸೆಂ.ಮೀ. ಆಳ. ಪಕ್ಕದವರು ದಡದಲ್ಲಾದರೆ 108ಕ್ಕೆ, ಸಮುದ್ರದಲ್ಲಾದರೆ ಕರಾವಳಿ ಕಾವಲು ಪಡೆಯ 1554ಕ್ಕೆ ಫೋನ್ ಮಾಡಲಿ.

ಮೂಡಿಗೆರೆಯಿಂದ: ಚಾರ್ಮಾಡಿ ಇಳಿಯುವಷ್ಟರಲ್ಲೇ ನನಗೆ ಎರಡು ಸಲ ವಾಂತಿ. ನೇತ್ರಾಣಿ ಬೋಟ್ ಹತ್ತಬಹುದಾ?

ಹತ್ತಬಹುದು. ಮುರುಡೇಶ್ವರದಿಂದ ದ್ವೀಪ ಸುಮಾರು 19 ಕಿ.ಮೀ., ಒಂದೂವರೆ ಗಂಟೆಯ ದಾರಿ. ಅವೋಮಿನ್ ಮಾತ್ರೆ ವಾಂತಿ ಶುರುವಾದ ಮೇಲೆ ನುಂಗಿದರೆ ಪ್ರಯೋಜನವಿಲ್ಲ, ಒಂದೆರಡು ಗಂಟೆ ಮುಂಚೆ ತಗೊಳ್ಳಿ. ನಿದ್ದೆ ತರುವ ಮಾತ್ರೆ ಅದು, ಮನೆಯಲ್ಲಿ ಒಂದು ದಿನ ನುಂಗಿ ನೋಡಿ. ತೂಕಡಿಕೆ ಜಾಸ್ತಿಯಾದರೆ ನೀರಿಗಿಳಿಯಬೇಡಿ, ಅದರ ಜೊತೆ ಬಿಯರ್ ಅಂತೂ ಸುತರಾಂ ಕೂಡದು. ಬರಿ ಹೊಟ್ಟೆ ಬೇಡ, ಎರಡು ಇಡ್ಲಿ ತಿನ್ನಿ. ಬೋಟಿನ ನಡುವೆ ಕೂತು ದೂರದ ಗೆರೆ ನೋಡಿ, ಮೊಬೈಲ್ ನೋಡಬೇಡಿ. ಹಿಂಬದಿಯ ಡೀಸೆಲ್ ಹೊಗೆಯಿಂದ ದೂರ ಇರಿ. ನಿಂಬೆಹಣ್ಣು ಮೂಸಿದರೆ ಸಮಾಧಾನ ಎನ್ನುವವರು ಮೂಸಿ, ಕೆಡುಕಿಲ್ಲ.

ಇನ್ನು ಉಳಿದವಕ್ಕೆ:

ಮುಟ್ಟಾದಾಗ ಇಳಿದರೆ ಶಾರ್ಕ್ ಬರುತ್ತಾ (ಬೇಲೂರು)? ಬರುವುದಿಲ್ಲ, ಹೊಟ್ಟೆನೋವಿಲ್ಲದಿದ್ದರೆ ಇಳಿಯಿರಿ.

ಜೆಲ್ಲಿ ಮೀನು ತಾಗಿದರೆ ಮೂತ್ರ ಹುಯ್ಯಬೇಕಂತೆ (ಹೊಳೆನರಸೀಪುರ)? ಬೇಡ. ಸಮುದ್ರದ ನೀರಿನಲ್ಲೇ ತೊಳೆಯಿರಿ, ಮರಳು ಹಾಕಿ ತಿಕ್ಕಬೇಡಿ.

ಹವಳದ ತುಂಡು ತಂದು ಷೋಕೇಸಿನಲ್ಲಿಡಬಹುದಾ (ಕಡೂರು)? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಮುಟ್ಟಲೂ ಬೇಡಿ, ಕಾಲಿಡಲೂ ಬೇಡಿ.

ಮಳೆಗಾಲದಲ್ಲಿ ರೇಟು ಕಮ್ಮಿ ಅಂತಾರೆ (ಚನ್ನರಾಯಪಟ್ಟಣ)? ಜೂನ್, ಜುಲೈನಲ್ಲಿ ಪಶ್ಚಿಮ ಕರಾವಳಿಯ ಮೀನುಗಾರರ ಯಾಂತ್ರಿಕ ದೋಣಿಗಳೇ ಸಮುದ್ರಕ್ಕಿಳಿಯುವುದಿಲ್ಲ. ಆಗ ಕರೆಯುವ ಏಜೆಂಟನ ನಂಬರ್ ಅಳಿಸಿ ಹಾಕಿ.

ಮೀಸೆಯಿಂದ ಮಾಸ್ಕಿಗೆ ನೀರು ಬರುತ್ತೆ (ಕೊಪ್ಪ)? ಮೂಗಿನ ಕೆಳಗೆ ಒಂದು ಗೆರೆಯಷ್ಟು ಬೋಳಿಸಿ, ಇಲ್ಲವೇ ಅಲ್ಲಿ ತೆಳುವಾಗಿ ವ್ಯಾಸಲೀನ್ ಸವರಿ. ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕಿಟ್ಟು ಮೂಗಿನಿಂದ ಉಸಿರೆಳೆಯಿರಿ. ಕೈ ಬಿಟ್ಟರೂ ಬೀಳದೆ ಕಚ್ಚಿಕೊಂಡು ನಿಂತರೆ ಅದೇ ನಿಮ್ಮ ಮಾಸ್ಕ್. ಬೋಟಿನವರು ಕೊಟ್ಟ ಮೊದಲನೆಯದು ಹಾಗೆ ನಿಲ್ಲದಿದ್ದರೆ ಎರಡನೆಯದು ಕೇಳಿ, ಮೂರನೆಯದು ಕೇಳಿ. ಸಂಕೋಚ ಬೇಡ.