ಸದನದಲ್ಲಿ ಎತ್ತಿದ ಮಾತು ಎಲ್ಲಿಗೆ ಹೋಗುತ್ತೆ?

ಪ್ರಶ್ನೆ: ಯಾರೋ ಒಬ್ಬ ಸಂಸದರು ಲೋಕಸಭೆಯಲ್ಲಿ ಎದ್ದು ಭ್ರಷ್ಟಾಚಾರ, ದೇಶದ ಭದ್ರತೆ ಅಂತ ಜೋರಾಗಿ ಮಾತಾಡ್ತಾರೆ. ಎರಡು ದಿನ ಟಿವಿಯಲ್ಲಿ ಬರುತ್ತೆ, ಆಮೇಲೆ ಎಲ್ಲ ತಣ್ಣಗೆ. ಹೀಗೆ ಮಾತಾಡಿದ್ದರಿಂದ ಯಾವತ್ತಾದರೂ ಏನಾದರೂ ಆಗಿದ್ದುಂಟಾ? – ಓದುಗರು, ಶಿರಸಿ

ಉತ್ತರ: ಉಂಟು. 1957ರ ಡಿಸೆಂಬರ್‌ನಲ್ಲಿ ಫಿರೋಜ್ ಗಾಂಧಿ ಎತ್ತಿದ ಎಲ್‌ಐಸಿ ಹಗರಣವನ್ನೇ ನೋಡಿ. ಅವರು ಆಳುವ ಪಕ್ಷದವರೇ, ಸಾಲದ್ದಕ್ಕೆ ಪ್ರಧಾನಿ ನೆಹರೂ ಅವರ ಅಳಿಯ. ಎಲ್‌ಐಸಿ ಹುಟ್ಟಿ ಆಗಿನ್ನೂ ವರ್ಷ ಕಳೆದಿತ್ತಷ್ಟೇ. ಹರಿದಾಸ್ ಮುಂಧ್ರಾ ಅನ್ನೋ ಉದ್ಯಮಿಯ ಆರು ಕಂಪನಿಗಳ ಷೇರನ್ನು ಅದು ಸುಮಾರು 1.25 ಕೋಟಿ ರೂಪಾಯಿ ಕೊಟ್ಟು ಕೊಂಡಿತ್ತು. ಅದೂ ತನ್ನ ಹೂಡಿಕೆ ಸಮಿತಿಯನ್ನು ಕೇಳದೆ. ಇಂಥದ್ದು ನಡೆದಾಗ ಸುಮ್ಮನಿರೋದೇ ಅಪರಾಧ ಅನ್ನೋ ಅರ್ಥದಲ್ಲಿ ಮಾತು ಶುರು ಮಾಡಿದ ಫಿರೋಜ್, ಆಮೇಲೆ ಆವೇಶಕ್ಕೆ ಬೀಳಲಿಲ್ಲ. ಷೇರಿನ ಮಾರುಕಟ್ಟೆ ದರ ಎಷ್ಟಿತ್ತು, ಎಲ್‌ಐಸಿ ಎಷ್ಟು ಕೊಟ್ಟಿತು ಅಂತ ಲೆಕ್ಕ ಮುಂದಿಟ್ಟರು. ಲೆಕ್ಕಕ್ಕೆ ಲೆಕ್ಕದಲ್ಲೇ ಉತ್ತರ ಕೊಡಬೇಕಲ್ವಾ? ಸರ್ಕಾರಕ್ಕೆ ಅದು ಆಗಲಿಲ್ಲ. ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರಿಗೆ ವಿಚಾರಣೆ ಒಪ್ಪಿಸಿದರು. ವಿಚಾರಣೆ ಜನರ ಎದುರೇ ನಡೆಯಿತು. 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಸದನದ ಚರ್ಚೆಯಿಂದ ರಾಜೀನಾಮೆವರೆಗೆ ಎರಡೇ ತಿಂಗಳು.

ಹಾಗಾಗಿ ಮುಂದಿನ ಸಲ ಯಾರಾದರೂ ಆರೋಪ ಮಾಡಿದಾಗ ಅವರ ದನಿ ಎಷ್ಟು ಏರಿತು ಅಂತ ನೋಡಬೇಡಿ. ಕೈಯಲ್ಲಿ ಯಾವ ಕಾಗದ ಇದೆ, ಯಾವ ತಾರೀಕು ಹೇಳಿದರು, ಮುಂದಿನ ಅಧಿವೇಶನದಲ್ಲಿ ಅದೇ ವಿಷಯ ಮತ್ತೆ ಕೇಳಿದರಾ ಅಂತ ನೋಡಿ. ಬಹಳಷ್ಟು ಆರೋಪಗಳು ಸಾಯೋದು ಸರ್ಕಾರ ಉತ್ತರ ಕೊಡದೆ ಇರೋದರಿಂದ ಮಾತ್ರ ಅಲ್ಲ, ಎತ್ತಿದವರೇ ಅದನ್ನು ಬಿಟ್ಟುಬಿಡೋದರಿಂದ.

ಪ್ರಶ್ನೆ: ಸದನದ ಒಳಗೆ ಯಾರ ಮೇಲೆ ಬೇಕಾದರೂ ಏನು ಬೇಕಾದರೂ ಹೇಳಬಹುದಾ? – ಓದುಗರು, ದಾವಣಗೆರೆ

ಉತ್ತರ: ಕೋರ್ಟಿನ ಭಯ ಇಲ್ಲ, ಆದರೆ ಸದನದ ನಿಯಮ ಇದೆ. ಸಂಸತ್ತಿನಲ್ಲಿ ಆಡಿದ ಮಾತಿಗೆ ಸಂಸದರ ಮೇಲೆ ಕೇಸು ಹಾಕೋ ಹಾಗಿಲ್ಲ ಅಂತ ಸಂವಿಧಾನದ 105ನೇ ವಿಧಿ ಹೇಳುತ್ತೆ. ಶಾಸಕರಿಗೆ ಇದೇ ರಕ್ಷಣೆ 194ರಲ್ಲಿದೆ. ಆದರೆ ಒಬ್ಬರ ಮಾನಕ್ಕೆ ಧಕ್ಕೆ ತರುವ ಆರೋಪ ಮಾಡೋದಿದ್ದರೆ ಲೋಕಸಭೆಯ 353ನೇ ನಿಯಮದ ಪ್ರಕಾರ ಸ್ಪೀಕರ್‌ಗೂ ಸಂಬಂಧಪಟ್ಟ ಸಚಿವರಿಗೂ ಮೊದಲೇ ನೋಟಿಸ್ ಕೊಡಬೇಕು. ಇಲ್ಲದಿದ್ದರೆ ಆ ಮಾತು ಕಡತದಿಂದ ಹೋಗಬಹುದು. ಅದೇ ಮಾತನ್ನು ಹೊರಗೆ ಬಂದು ಮೈಕ್ ಮುಂದೆ ಹೇಳಿದರೆ ಈ ರಕ್ಷಣೆ ಸಿಗೋದಿಲ್ಲ.

ಪ್ರಶ್ನೆ: ರಕ್ಷಣಾ ಖರೀದಿ ಬಗ್ಗೆ ಕೇಳಿದ ಕೂಡಲೇ ‘ದೇಶದ ಭದ್ರತೆ, ಹೇಳೋಕಾಗಲ್ಲ’ ಅಂತಾರೆ. ಶತ್ರುಗಳಿಗೆ ಗುಟ್ಟು ತಿಳಿಯಬಾರದು ಅನ್ನೋದು ಸರಿಯೇ ಅಲ್ವಾ? – ಓದುಗರು, ಮಡಿಕೇರಿ

ಉತ್ತರ: ಗುಟ್ಟು ಗುಟ್ಟಾಗಿಯೇ ಇರಬೇಕು, ಅದರಲ್ಲಿ ತಕರಾರಿಲ್ಲ. ಸೇನೆಯ ಯಾವ ತುಕಡಿ ಎಲ್ಲಿದೆ, ಕ್ಷಿಪಣಿಯ ತಾಂತ್ರಿಕ ವಿವರ ಏನು ಅಂತ ಯಾವ ಸಂಸದರೂ ಸದನದಲ್ಲಿ ಕೇಳಬಾರದು. ಗೋಪ್ಯ ವಿಷಯ ಕೇಳುವ ಪ್ರಶ್ನೆಗೆ ನಿಯಮದಲ್ಲೇ ಅವಕಾಶ ಇಲ್ಲ. ನನಗೆ ಒಪ್ಪಿಗೆಯಾಗದ ವಿಷಯ ಬೇರೆ: ಹಣದ ಪ್ರಶ್ನೆಗೂ ಇದೇ ಉತ್ತರ ಕೊಡೋದು.

ಇದು ಒಂದು ಪಕ್ಷದ ಚಾಳಿ ಅಲ್ಲ. 1948ರಲ್ಲಿ ಸೇನೆಗೆ ಜೀಪ್ ಕೊಂಡ ವ್ಯವಹಾರದಿಂದಲೂ ಈ ಜಗ್ಗಾಟ ಇದೆ. 1987ರಲ್ಲಿ ಬೋಫೋರ್ಸ್ ಫಿರಂಗಿ ಲಂಚದ ಸುದ್ದಿ ಮೊದಲು ಬಂದಿದ್ದು ಸ್ವೀಡನ್ ರೇಡಿಯೊದಿಂದ, ನಮ್ಮ ಸದನದಿಂದಲ್ಲ. ಆಮೇಲೆ ನಮ್ಮ ಕರ್ನಾಟಕದ ಬಿ. ಶಂಕರಾನಂದ ಅವರ ಅಧ್ಯಕ್ಷತೆಯಲ್ಲಿ ಜಂಟಿ ಸಂಸದೀಯ ಸಮಿತಿ ಕೂತಿತು. 2018ರಲ್ಲಿ 36 ರಫೇಲ್ ವಿಮಾನಗಳ ಬೆಲೆ ಕೇಳಿದಾಗ ಸರ್ಕಾರ ಫ್ರಾನ್ಸ್ ಜೊತೆಗಿನ 2008ರ ಗೋಪ್ಯತೆ ಒಪ್ಪಂದ ತೋರಿಸಿತು. 2019ರ ಫೆಬ್ರವರಿಯಲ್ಲಿ ಬಂದ ಸಿಎಜಿ (ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಂಸ್ಥೆ) ವರದಿ ಈ ಖರೀದಿ ಹಳೆಯ ಪ್ರಸ್ತಾಪಕ್ಕಿಂತ ಶೇ 2.86ರಷ್ಟು ಅಗ್ಗ ಅಂದಿತು, ಆದರೆ ಬೆಲೆಯ ಅಂಕಿಗಳನ್ನು ಮಾತ್ರ ಮರೆಮಾಡಿತ್ತು. ಸುಪ್ರೀಂ ಕೋರ್ಟ್ ತನಿಖೆಯ ಅಗತ್ಯ ಕಾಣುವುದಿಲ್ಲ ಅಂತ ಅರ್ಜಿಗಳನ್ನು ತಳ್ಳಿಹಾಕಿತು. ಆ ತೀರ್ಪನ್ನು ನಾವು ಗೌರವಿಸಲೇಬೇಕು. ಹಾಗಿದ್ದರೂ ಶೇಕಡಾ ಲೆಕ್ಕ ಕೊಟ್ಟು ಮೊತ್ತ ಮುಚ್ಚಿಟ್ಟರೆ ಓದಿದವರಿಗೆ ನಂಬಿಕೆ ಹುಟ್ಟೋದು ಹೇಗೆ?

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಗುಪ್ತಚರ ಮತ್ತು ಭದ್ರತಾ ಸಂಸ್ಥೆಗಳಿಗೆ ವಿನಾಯಿತಿ ಕೊಡುತ್ತೆ. ಆದರೆ ಭ್ರಷ್ಟಾಚಾರದ ಆರೋಪಕ್ಕೂ ಮಾನವ ಹಕ್ಕು ಉಲ್ಲಂಘನೆಗೂ ಸಂಬಂಧಿಸಿದ ಮಾಹಿತಿಗೆ ಆ ವಿನಾಯಿತಿ ಇಲ್ಲ ಅಂತ ಅದೇ ಸೆಕ್ಷನ್ನಿನಲ್ಲಿ ಬರೆದಿದೆ. ಗುಟ್ಟು ಕಾಯೋದೇ ಕೆಲಸವಾಗಿರುವ ಸಂಸ್ಥೆಗೇ ಹೀಗಿರುವಾಗ ಸದನದಲ್ಲಿ ಯಾಕೆ ಬಾಯಿ ಮುಚ್ಚಿಸಬೇಕು? ನಿಜಕ್ಕೂ ಹೊರಗೆ ಹೇಳಬಾರದ್ದು ಇದ್ದರೆ ರಕ್ಷಣೆಯ ಸ್ಥಾಯಿ ಸಮಿತಿ ಇದೆ, ಲೆಕ್ಕಪತ್ರ ಸಮಿತಿ ಇದೆ. ಎರಡೂ ಮುಚ್ಚಿದ ಬಾಗಿಲ ಹಿಂದೆ ಕೂರುತ್ತವೆ, ಎಲ್ಲ ಪಕ್ಷದವರೂ ಇರುತ್ತಾರೆ. ಅಲ್ಲಿ ಹೇಳಲಿ. ಖರೀದಿಯಲ್ಲಿ ಲಂಚ ಹೊಡೆದು ಕಳಪೆ ಸಾಮಾನು ಕೊಟ್ಟರೆ ಗಡಿಯಲ್ಲಿ ಅದನ್ನು ಹಿಡಿದು ನಿಲ್ಲೋದು ಯಾರೋ ಒಬ್ಬ ಹಳ್ಳಿ ಹುಡುಗ. ಅವನ ಪಾಲಿಗೆ ಭ್ರಷ್ಟಾಚಾರ, ಭದ್ರತೆ ಅಂತ ಎರಡು ಬೇರೆ ವಿಷಯ ಇರೋದಿಲ್ಲ.

ಪ್ರಶ್ನೆ: 2023ರಲ್ಲಿ ಲೋಕಸಭೆಯೊಳಗೇ ಹೊಗೆ ಹಾರಿಸಿದರಲ್ಲ, ಆಗ ಸರಿಯಾಗಿ ಚರ್ಚೆ ಆಯಿತಾ? – ಓದುಗರು, ಮೈಸೂರು

ಉತ್ತರ: ಇಲ್ಲ, ಮತ್ತು ಅದು ಈಗಲೂ ಬೇಸರದ ವಿಷಯ. 2001ರಲ್ಲಿ ಸಂಸತ್ತಿನ ಮೇಲೆ ದಾಳಿ ನಡೆದಿದ್ದ ಡಿಸೆಂಬರ್ 13ರಂದೇ ಇಬ್ಬರು ಸಂದರ್ಶಕರ ಗ್ಯಾಲರಿಯಿಂದ ಜಿಗಿದು ಹಳದಿ ಹೊಗೆ ಬಿಟ್ಟರು. ಅವರಿಗೆ ಪಾಸ್ ಸಿಕ್ಕಿದ್ದು ನಿಮ್ಮೂರಿನ ಅಂದಿನ ಸಂಸದರ ಕಚೇರಿ ಮೂಲಕ. ಭದ್ರತೆ ಹೇಗೆ ತಪ್ಪಿತು ಅಂತ ಗೃಹ ಸಚಿವರು ಸದನಕ್ಕೆ ಹೇಳಲಿ ಅನ್ನೋದು ವಿರೋಧ ಪಕ್ಷಗಳ ಪಟ್ಟು. ಹೇಳಿಕೆ ಬರಲಿಲ್ಲ, ಗದ್ದಲ ಎದ್ದಿತು, ಅಧಿವೇಶನ ಮುಗಿಯೋ ಹೊತ್ತಿಗೆ ಎರಡೂ ಸದನ ಸೇರಿ 146 ಸಂಸದರು ಅಮಾನತಾಗಿದ್ದರು. ಫಲಕ ಹಿಡಿದು ಕೂಗೋದು ಸರಿ ಅಂತ ನಾನು ಹೇಳಲ್ಲ. ಆದರೆ ಒಂದು ಗಂಟೆಯ ಹೇಳಿಕೆಯಿಂದ ಮುಗಿಯಬಹುದಾಗಿದ್ದ ವಿಷಯ ಅದು. ಖಾಲಿ ಬೆಂಚುಗಳ ಎದುರೇ ಮೂರು ಹೊಸ ಅಪರಾಧ ಕಾನೂನುಗಳು ಪಾಸಾದವು. ಮುಂದಿನ ವರ್ಷ ಮೇ ತಿಂಗಳಲ್ಲಿ ಸಂಸತ್ತಿನ ಕಾವಲು ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ (ಸಿಐಎಸ್‌ಎಫ್) ಕೈಗೆ ಹೋಯಿತು.

ಪ್ರಶ್ನೆ: ದುಡ್ಡು ತಗೊಂಡು ಪ್ರಶ್ನೆ ಕೇಳುವವರೂ ಇದ್ದಾರಲ್ಲ? – ಓದುಗರು, ಕಲಬುರಗಿ

ಉತ್ತರ: ಸಿಕ್ಕಿಬಿದ್ದಿದ್ದಾರೆ. 2005ರ ಡಿಸೆಂಬರ್‌ನಲ್ಲಿ 11 ಸಂಸದರನ್ನು ಇದೇ ಕಾರಣಕ್ಕೆ ಹೊರಹಾಕಿದರು. ಲಂಚ ತಗೊಂಡು ಸದನದಲ್ಲಿ ಮಾತಾಡಿದರೆ ಅಥವಾ ಓಟು ಹಾಕಿದರೆ ಯಾವ ವಿಶೇಷ ಹಕ್ಕೂ ಕಾಯೋದಿಲ್ಲ ಅಂತ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2024ರ ಮಾರ್ಚ್ 4ರಂದು ಹೇಳಿದೆ.

ಪ್ರಶ್ನೆ: ನಮ್ಮಂಥವರು ಏನು ಮಾಡೋಕಾಗುತ್ತೆ? – ಓದುಗರು, ಚಿಂತಾಮಣಿ

ಉತ್ತರ: ನಿಮ್ಮ ಬಳಿ ದಾಖಲೆ ಇದ್ದರೆ ಸಂಸದರಿಗೆ ಕೊಡಿ, ಚುಕ್ಕೆ ಇಲ್ಲದ ಪ್ರಶ್ನೆಯಾಗಿ ಕೇಳಿ ಅನ್ನಿ. ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಚುಕ್ಕೆ ಗುರುತಿನ ಪ್ರಶ್ನೆಗೆ ಲೋಕಸಭೆಯಲ್ಲಿ ದಿನಕ್ಕೆ 20 ಮಾತ್ರ ಅವಕಾಶ, ಚುಕ್ಕೆ ಇಲ್ಲದ್ದಕ್ಕೆ 230. ಇದರ ಉತ್ತರ ಲಿಖಿತವಾಗಿ ಬರುತ್ತೆ, ಸಂಸತ್ತಿನ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಓದಬಹುದು. ಸಚಿವರು ‘ಪರಿಶೀಲಿಸುತ್ತೇವೆ’ ಅಂದರೆ ಅಲ್ಲಿಗೆ ಬಿಡಬೇಡಿ. ಅಂಥ ಮಾತನ್ನು ಭರವಸೆ ಅಂತ ಪರಿಗಣಿಸಿ ಬೆನ್ನು ಹತ್ತೋದಕ್ಕೇ ಸರ್ಕಾರಿ ಭರವಸೆಗಳ ಸಮಿತಿ ಇದೆ, ಈಡೇರಿಸಲು ಮೂರು ತಿಂಗಳ ಗಡುವೂ ಇದೆ. ಮೂರು ತಿಂಗಳಾದ ಮೇಲೆ ಸಂಸದರಿಗೆ ಇನ್ನೊಂದು ಕಾಗದ ಬರೆಯಿರಿ, ಹಳೆಯ ಉತ್ತರದ ಪ್ರತಿಯನ್ನೂ ಜೊತೆಗಿಡಿ.